ಗುಮ್ಮನಿಂದ ಕಥೆಗೆ: ಮಕ್ಕಳ ಭಯಕಥನಕಾರನ ನೆಲೆ ಮತ್ತು ಹೊಣೆ
(ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರವನ್ನು ಹಿನ್ನೆಲೆಯಾಗಿಟ್ಟುಕೊಂಡು)

1. ಪ್ರವೇಶ

ಕನ್ನಡ ಮಕ್ಕಳ ಸಾಹಿತ್ಯದ ಚರ್ಚೆಗಳಲ್ಲಿ ನೀತಿ, ಮನರಂಜನೆ, ಪ್ರಾಸಬದ್ಧತೆ, ಭಾಷಾಕಲಿಕೆ, ವೈಜ್ಞಾನಿಕ ಮನೋಭಾವ ಮೊದಲಾದ ಸಂಗತಿಗಳು ಮತ್ತೆ ಮತ್ತೆ ಪ್ರಸ್ತಾಪಗೊಂಡಿವೆ. ಭಯವೆಂಬ ಭಾವವನ್ನು ಮಕ್ಕಳ ಕಥನದ ಒಂದು ಪ್ರಧಾನ ವಸ್ತುವೆಂದು ಭಾವಿಸಿ ನಡೆದ ವಿವೇಚನೆ ಮಾತ್ರ ಕಡಿಮೆ. ಮಕ್ಕಳಿಗೆ ಹೆದರಿಕೆಯ ಕಥೆ ಹೇಳಬಾರದು ಎಂಬ ಮಾತು ಶಿಕ್ಷಣದ ವಲಯದಲ್ಲಿ ಸಾಮಾನ್ಯವಾಗಿ ಕೇಳಿಬರುತ್ತದೆ. ಇತ್ತ ಮಕ್ಕಳು ಅಜ್ಜಿಯನ್ನು ಪೀಡಿಸಿ ಕೇಳುವ ಕಥೆಗಳಲ್ಲಿ ರಾಕ್ಷಸಿಯ ಕಥೆ, ದೆವ್ವದ ಕಥೆಗಳಿಗೆ ಇಂದಿಗೂ ಮೊದಲ ಸ್ಥಾನವಿದೆ. ಹಿರಿಯರ ಈ ನಿಷೇಧಕ್ಕೂ ಮಕ್ಕಳ ಬೇಡಿಕೆಗೂ ನಡುವೆ ಇರುವ ಅಂತರವೇ ಪ್ರಸ್ತುತ ಲೇಖನದ ಹುಟ್ಟಿಗೆ ಕಾರಣ.

ಮಕ್ಕಳಿಗಾಗಿ ಭಯದ ಕಥೆಗಳನ್ನು ಬರೆಯುವವನು ರೂಪುಗೊಳ್ಳುವುದು ಹೇಗೆ, ಅವನಿಗೆ ಒದಗುವ ಸಾಮಗ್ರಿ ಯಾವುದು, ಅವನು ಹೊರಬೇಕಾದ ಹೊಣೆ ಎಂಥದು ಎಂಬ ಪ್ರಶ್ನೆಗಳನ್ನು ಇಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಕೇಳಿಕೊಳ್ಳಲಾಗಿದೆ. ಈ ಆಯ್ಕೆಗೆ ಕಾರಣಗಳಿವೆ. ಕೃಷ್ಣಾ ಮತ್ತು ತುಂಗಭದ್ರೆಯರ ನಡುವಣ ಈ ಎಡೆದೊರೆ ನಾಡಿನಲ್ಲಿ ಭಯದ ಕಥನಕ್ಕೆ ಬೇಕಾದ ಸಂಪತ್ತು ಹೇರಳವಾಗಿದೆ. ಅಷ್ಟೇ ಅಲ್ಲ, ಭಯವು ಕಥೆಯ ಎಲ್ಲೆಯನ್ನು ದಾಟಿ ಬದುಕಿನೊಳಗೆ ನುಗ್ಗಿ ಹಾನಿ ಮಾಡಿದ ಉದಾಹರಣೆಗಳೂ ಈ ಸೀಮೆಯ ಚರಿತ್ರೆಯಲ್ಲಿವೆ. ಆದ್ದರಿಂದ ಮಕ್ಕಳನ್ನು ಹೆದರಿಸುವುದು ಸರಿಯೇ ಎಂಬ ಪ್ರಶ್ನೆ ಇಲ್ಲಿ ಬರಿಯ ಸಾಹಿತ್ಯಕ ಪ್ರಶ್ನೆಯಾಗಿ ಉಳಿಯುವುದಿಲ್ಲ.

2. ಗುಮ್ಮ ಮತ್ತು ಕಥೆ: ಒಂದು ವ್ಯತ್ಯಾಸ

ಮೊದಲಿಗೆ ಎರಡು ಬಗೆಯ ಭಯಗಳನ್ನು ಬೇರ್ಪಡಿಸಿಕೊಳ್ಳಬೇಕು. ಉಣ್ಣದ ಮಗುವಿಗೆ, ಮಲಗದ ಮಗುವಿಗೆ ಹಿರಿಯರು ಗುಮ್ಮನನ್ನು ತೋರಿಸುತ್ತಾರೆ. ರಾಯಚೂರು ಸೀಮೆಯಲ್ಲಿ ತೆಲುಗಿನ ಪ್ರಭಾವದಿಂದ ಬೂಚಿಯೂ ಈ ಕೆಲಸಕ್ಕೆ ಬರುತ್ತದೆ. ಈ ಗುಮ್ಮನಿಗೆ ರೂಪವಿಲ್ಲ, ಊರಿಲ್ಲ, ತಾಯಿತಂದೆಯರಿಲ್ಲ. ಅವನು ಏನು ಮಾಡುತ್ತಾನೆ, ಹೇಗೆ ಸಾಯುತ್ತಾನೆ ಎಂಬುದನ್ನು ಯಾರೂ ಹೇಳುವುದಿಲ್ಲ. ಹೇಳಿದರೆ ಅವನಿಂದ ಆಗಬೇಕಾದ ಕೆಲಸವೇ ಕೆಡುತ್ತದೆ. ಗುಮ್ಮನಿಗೆ ಕಥೆಯಿಲ್ಲ ಎಂಬುದೇ ಗುಮ್ಮನ ಬಲ.

ಪುರಂದರದಾಸರ ಪ್ರಸಿದ್ಧ ಕೀರ್ತನೆಯೊಂದರಲ್ಲಿ ಬಾಲಕೃಷ್ಣನು ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುತ್ತಾನೆ. ಇನ್ನು ಮುಂದೆ ತುಂಟತನ ಮಾಡುವುದಿಲ್ಲವೆಂದು ಒಂದೊಂದಾಗಿ ಮಾತು ಕೊಡುತ್ತಾನೆ. ಹದಿನಾರನೆಯ ಶತಮಾನದಲ್ಲಿಯೇ ಈ ಹೆದರಿಕೆಯ ತಂತ್ರ ಕನ್ನಡ ಮನೆಗಳಲ್ಲಿ ಎಷ್ಟು ಬಳಕೆಯಲ್ಲಿತ್ತು ಎಂಬುದಕ್ಕೆ ಇದು ಸಾಕ್ಷಿ. ಜಗವನ್ನೇ ಹೊತ್ತವನು ಗುಮ್ಮನಿಗೆ ಅಂಜುತ್ತಾನೆ ಎಂಬ ವ್ಯಂಗ್ಯ ಕೀರ್ತನೆಯ ಭಕ್ತಿಯನ್ನು ಬೆಳಗಿಸುತ್ತದೆ. ಮಗುವಿನ ಕಡೆಯಿಂದ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಕೃಷ್ಣನು ಬೇಡುತ್ತಿರುವುದು ಗುಮ್ಮನನ್ನಲ್ಲ, ಗುಮ್ಮನನ್ನು ಕರೆಯುವ ತಾಯಿಯನ್ನು. ಭಯದ ಹಗ್ಗ ಯಾರ ಕೈಯಲ್ಲಿದೆ ಎಂಬುದನ್ನು ಮಗು ಬಲ್ಲದು.

ಜನಪದ ಕಥೆಯ ಭಯ ಇದಕ್ಕಿಂತ ಭಿನ್ನವಾದುದು. ಅಜ್ಜಿ ಕಥೆ ಹೇಳುವಾಗ ಕೇಳುವ ಮಗು ಹೂಂಗುಟ್ಟಬೇಕು. ಹೂಂ ಎನ್ನುವುದು ನಿಂತರೆ ಕಥೆಯೂ ನಿಲ್ಲುತ್ತದೆ. ಜಾನಪದ ಅಧ್ಯಯನಗಳಲ್ಲಿ ಈ ಹೂಂಗುಟ್ಟುವಿಕೆಯನ್ನು ಕೇಳುಗನ ಎಚ್ಚರದ ಗುರುತೆಂದು ಪರಿಗಣಿಸುವುದು ವಾಡಿಕೆ. ಭಯದ ಕಥೆಯ ಸಂದರ್ಭದಲ್ಲಿ ಅದು ಮಗುವಿನ ಒಪ್ಪಿಗೆಯ ಗುರುತೂ ಆಗಿದೆ. ರಾಕ್ಷಸಿ ಬಾಗಿಲು ಬಡಿಯುವ ಹೊತ್ತಿಗೆ ಮಗು ಮೌನವಾದರೆ ಅಜ್ಜಿ ತಡೆಯುತ್ತಾಳೆ, ತಲೆ ನೇವರಿಸುತ್ತಾಳೆ, ಮಗು ಮತ್ತೆ ಹೂಂ ಎಂದರೆ ಮಾತ್ರ ಮುಂದುವರಿಯುತ್ತಾಳೆ. ಭಯದ ಪ್ರಮಾಣವನ್ನು ಇಲ್ಲಿ ಕೇಳುಗನೇ ಅಳೆದು ಪಡೆಯುತ್ತಾನೆ.

ಎರಡನೆಯದಾಗಿ, ಜನಪದ ಕಥೆಯ ರಾಕ್ಷಸನಿಗೆ ವಿಳಾಸವಿದೆ. ಏಳು ಸಮುದ್ರದಾಚೆಯ ಗಿಣಿಯಲ್ಲಿ ಅವನ ಜೀವವಿದೆ ಎಂಬ ಆಶಯ ನಮ್ಮ ನಾಡಿನಲ್ಲಿ ಎಲ್ಲೆಡೆಯೂ ಪ್ರಚಲಿತ. ಈ ವಿಷಯದಲ್ಲಿ ಸಿಂಧನೂರು ತಾಲ್ಲೂಕು ತೌಲನಿಕ ಅಧ್ಯಯನಕ್ಕೆ ತಕ್ಕ ಸ್ಥಳವಾಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಯನ್ನು ಅನುಸರಿಸಿ ಇಲ್ಲಿ ಆಂಧ್ರದ ರೈತರ ಕ್ಯಾಂಪುಗಳು ಹುಟ್ಟಿಕೊಂಡವು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದ ಕುಟುಂಬಗಳು 1970ರ ದಶಕದ ಆರಂಭದಲ್ಲಿ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆಗೊಂಡವು. ತೆಲುಗರ ಬಾಲನಾಗಮ್ಮನ ಕಥೆಯಲ್ಲಿ ಮಾಯಾವಿ ಫಕೀರನ ಜೀವ ಗಿಣಿಯಲ್ಲಿದೆ. ಅದನ್ನು ಹುಡುಕಿ ತರುವವನು ಬಾಲನಾಗಮ್ಮನ ಎಳೆಯ ಮಗ. ದಕ್ಷಿಣಾರಂಜನ ಮಿತ್ರ ಮಜುಂದಾರರು 1907ರಲ್ಲಿ 'ಠಾಕುರ್‌ಮಾರ್ ಝುಲಿ' ಎಂಬ ಹೆಸರಿನಲ್ಲಿ ಪ್ರಕಟಿಸಿದ ಅಜ್ಜಿಯ ಕಥೆಗಳು ಬಂಗಾಳಿ ಮನೆಗಳಲ್ಲಿ ಮನೆಮಾತಾಗಿವೆ. ಬಂಗಾಳದ ಕಥೆಗಳಲ್ಲಿ ರಾಕ್ಷಸರ ಜೀವ ಕೊಳದ ಆಳದಲ್ಲಿ ಬಚ್ಚಿಟ್ಟ ದುಂಬಿಗಳಲ್ಲಿರುತ್ತದೆ. ಹೀಗೆ ಒಂದೇ ಕಾಲುವೆಯ ನೀರು ಕುಡಿಯುವ ಮೂರು ಭಾಷೆಯ ಮಕ್ಕಳಿಗೆ ಅವರವರ ಅಜ್ಜಿಯರು ಹೇಳಿದ್ದು ಒಂದೇ ಮಾತು: ಹೆದರಿಸುವವನ ಜೀವ ಎಲ್ಲಿದೆ ಎಂಬುದನ್ನು ತಿಳಿಯಬಹುದು, ತಿಳಿದವನು ಗೆಲ್ಲುತ್ತಾನೆ, ಗೆಲ್ಲುವವನು ಸಣ್ಣವನೂ ಆಗಿರಬಹುದು.

ಗುಮ್ಮನು ಮಗುವನ್ನು ಅಧೀನದಲ್ಲಿಡುವ ಸಾಧನ. ಕಥೆಯಾದರೋ ಭಯವನ್ನು ಮಗುವಿನ ಅಧೀನಕ್ಕೆ ತರುವ ಸಾಧನ. ಭಯಕಥನಕಾರನೆಂದರೆ ಕಥೆಯಿಲ್ಲದ ಗುಮ್ಮನಿಗೆ ಕಥೆಯನ್ನು ಕೊಡುವವನು ಎಂಬುದು ಈ ಲೇಖನದ ಮುಖ್ಯ ಪ್ರಮೇಯ.

3. ಕನ್ನಡದ ಲಿಖಿತ ಪರಂಪರೆಯಲ್ಲಿ

ಈ ಪ್ರಮೇಯವನ್ನು ಕನ್ನಡದ ಕೆಲವು ಕೃತಿಗಳ ಮೂಲಕ ಪರಿಶೀಲಿಸಬಹುದು. ಜನ್ನನ 'ಯಶೋಧರ ಚರಿತೆ' (1209) ಮಕ್ಕಳಿಗಾಗಿ ಬರೆದ ಕಾವ್ಯವಲ್ಲ. ಆದರೂ ಅದರ ಚೌಕಟ್ಟು ಇಲ್ಲಿ ನೆನೆಯತಕ್ಕದ್ದು. ಚಂಡಮಾರಿಯ ಗುಡಿಯ ಭೀಕರ ವಾತಾವರಣದೊಳಕ್ಕೆ ಅಭಯರುಚಿ, ಅಭಯಮತಿ ಎಂಬ ಎಳೆಯ ಅಣ್ಣತಂಗಿಯರನ್ನು ಬಲಿಗಾಗಿ ಕರೆತರುತ್ತಾರೆ. ಅವರು ಅಳುಕುವುದಿಲ್ಲ. ಅಳುಕದಿರುವ ಕಾರಣವನ್ನು ಕೇಳಿದ ಮಾರಿದತ್ತನಿಗೆ ತಮ್ಮ ಜನ್ಮಾಂತರದ ಕಥೆಯನ್ನು ಹೇಳುತ್ತಾರೆ. ಕಥೆ ಮುಗಿಯುವ ಹೊತ್ತಿಗೆ ಹೆದರಿಸುತ್ತಿದ್ದ ದೊರೆಯೇ ಬದಲಾಗಿರುತ್ತಾನೆ. ಭಯದ ಸ್ಥಳದಲ್ಲಿ ನಿಂತು ಎಳೆಯರು ಕಥೆ ಹೇಳುವ ಈ ಸನ್ನಿವೇಶಕ್ಕೆ ಜೈನ ತತ್ವದ ಆಚೆಗೂ ವ್ಯಾಪ್ತಿಯಿದೆ.

ಗೋವಿನ ಹಾಡನ್ನು ನಾವು ಸತ್ಯದ ಮಹಿಮೆಯ ಪಠ್ಯವಾಗಿ ಓದಿಸುತ್ತ ಬಂದಿದ್ದೇವೆ. ತರಗತಿಯಲ್ಲಿ ಮಕ್ಕಳು ಅಳುವುದು ಮಾತ್ರ ಹುಲಿಯ ಆರ್ಭಟ ಕೇಳಿ ಅಲ್ಲ. ಕರುವನ್ನು ಉಳಿದ ಹಸುಗಳ ಮಡಿಲಿಗೆ ಒಪ್ಪಿಸಿ ತಾಯಿ ಹೊರಡುವಾಗ. ತಾಯಿ ಹೋಗುತ್ತಾಳೆ, ಮರಳಿ ಬಾರದೆ ಇರಬಹುದು ಎಂಬುದು ಬಾಲ್ಯದ ಮೂಲಭಯ. ಜನಪದ ಕವಿ ಆ ಭಯವನ್ನು ಮರೆಮಾಚುವುದಿಲ್ಲ, ಕೊನೆಯವರೆಗೂ ಹಿಗ್ಗಿಸುತ್ತಾನೆ; ಆನಂತರ ತಾಯಿಯನ್ನು ಮರಳಿಸುತ್ತಾನೆ. ಲಿಂಗಸುಗೂರು, ಮಸ್ಕಿಗಳ ಒಣಭೂಮಿಯ ಹಳ್ಳಿಗಳಿಂದ ಕುಟುಂಬಗಳು ದುಡಿಮೆಗಾಗಿ ದೂರದ ನಗರಗಳಿಗೆ ಗುಳೆ ಹೋಗುತ್ತವೆ. ಅಂಥ ಮನೆಗಳಲ್ಲಿ ಅಜ್ಜಅಜ್ಜಿಯರೊಂದಿಗೆ ಉಳಿದ ಮಗುವಿಗೆ ಈ ಹಾಡು ಎಷ್ಟು ಸಮೀಪದ್ದು ಎಂಬುದನ್ನು ನಮ್ಮ ಪಠ್ಯಪುಸ್ತಕದ ಪ್ರಶ್ನೆಗಳು ಗಮನಿಸಿಲ್ಲ.

ಆಧುನಿಕ ಮಕ್ಕಳ ಸಾಹಿತ್ಯದ ಆದ್ಯರಲ್ಲಿ ಒಬ್ಬರಾದ ಪಂಜೆ ಮಂಗೇಶರಾಯರ (1874-1937) 'ನಾಗರಹಾವೆ' ಪದ್ಯದ ರಚನೆಯನ್ನೇ ನೋಡಬಹುದು. ಹಾವನ್ನು ಬಾ ಎಂದು ಕರೆಯುವುದರಿಂದ ಆರಂಭವಾಗುವ ಪದ್ಯ ಅದನ್ನು ಹೊರಗೆ ಹೋಗೆಂದು ಕಳಿಸುವುದರಲ್ಲಿ ಮುಗಿಯುತ್ತದೆ. ಆಕರ್ಷಣೆ ಮತ್ತು ಅಂಜಿಕೆ ಎರಡೂ ಮಗುವಿನಲ್ಲಿ ಒಟ್ಟಿಗೆ ಇರುತ್ತವೆ ಎಂಬ ತಿಳಿವಳಿಕೆ ಪಂಜೆಯವರಲ್ಲಿತ್ತು. ಕರೆಯುವ ಅಧಿಕಾರವೂ ಕಳಿಸುವ ಅಧಿಕಾರವೂ ಪದ್ಯದಲ್ಲಿ ಮಗುವಿನದೇ ಆಗಿರುವುದು ಗಮನಾರ್ಹ. ಇನ್ನು ರಾಬರ್ಟ್ ಬ್ರೌನಿಂಗನ ಕವನವನ್ನು ಆಧರಿಸಿದ ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಲ್ಲಿ ಮಕ್ಕಳು ಬೆಟ್ಟದೊಳಗೆ ಮರೆಯಾಗುವ ಭಾಗ ಕನ್ನಡ ಶಿಶುಕಾವ್ಯದ ಅತ್ಯಂತ ಭಯಾನಕ ಪ್ರಸಂಗಗಳಲ್ಲಿ ಒಂದು. ಇಲ್ಲಿ ದಂಡನೆಗೆ ಕಾರಣ ಮಕ್ಕಳ ತಪ್ಪಲ್ಲ, ಕೊಟ್ಟ ಮಾತಿಗೆ ತಪ್ಪಿದ ಹಿರಿಯರು. ಜರ್ಮನಿಯ ಹೈನ್‌ರಿಶ್ ಹಾಫ್‌ಮನ್ನನ 'ಶ್ಟ್ರುವೆಲ್‌ಪೀಟರ್' (1845) ಮೊದಲಾದ ಕೃತಿಗಳಲ್ಲಿ ಬೆರಳು ಚೀಪುವ ಮಗುವಿನ ಹೆಬ್ಬೆರಳುಗಳನ್ನು ಕತ್ತರಿಸಲಾಗುತ್ತದೆ. ಅದು ಗುಮ್ಮನ ದಾರಿ. ಕಿಂದರಿಜೋಗಿಯದು ಕಥೆಯ ದಾರಿ.

ಮುದ್ರಿತ ಭಯಕಥನವನ್ನು ಕನ್ನಡದ ಮಕ್ಕಳ ಮನೆಬಾಗಿಲಿಗೆ ತಂದ ಕೀರ್ತಿ 'ಚಂದಮಾಮ'ಕ್ಕೆ ಸಲ್ಲುತ್ತದೆ. 1949ರಲ್ಲಿ ಆರಂಭಗೊಂಡ ಅದರ ಕನ್ನಡ ಆವೃತ್ತಿಯನ್ನು ಹಲವು ತಲೆಮಾರುಗಳು ಓದಿದವು. 2010ರ ದಶಕದಲ್ಲಿ ಪತ್ರಿಕೆ ನಿಂತುಹೋಯಿತು. ಅದರ ಬೇತಾಳ ಕಥೆಗಳ ಚೌಕಟ್ಟು ಸ್ಮಶಾನ, ಕತ್ತಲೆ, ಹೆಗಲ ಮೇಲಿನ ಶವ. ಆ ಶವ ಕೇಳುವುದು ಮಾತ್ರ ನ್ಯಾಯದ ಪ್ರಶ್ನೆಯನ್ನು. ರಾಜನು ಉತ್ತರಿಸುವ ಮೊದಲು ತಾನು ಉತ್ತರ ಕಂಡುಕೊಳ್ಳಬೇಕೆಂಬ ಹಟದಲ್ಲಿ ಓದುವ ಮಗು ನಡುಗುವುದನ್ನು ಮರೆತು ಆಲೋಚಿಸತೊಡಗುತ್ತದೆ. ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್‌ನ ಬೇಟೆಯ ಅನುಭವಗಳನ್ನು ಕನ್ನಡಕ್ಕೆ ತಂದ 'ಕಾಡಿನ ಕಥೆಗಳು' ಮಾಲಿಕೆಯೂ ಇಲ್ಲಿ ಉಲ್ಲೇಖಾರ್ಹ. ನರಭಕ್ಷಕನ ಹೆಜ್ಜೆಗುರುತು, ಗಾಳಿಯ ದಿಕ್ಕು, ಕಾಡಿನ ಸದ್ದುಗಳ ವಿವರ ಹೆಚ್ಚಿದಷ್ಟೂ ಭಯ ಹೆಚ್ಚುತ್ತದೆ. ಆ ಭಯದೊಂದಿಗೆ ಕಾಡಿನ ಅರಿವೂ ಹೆಚ್ಚುತ್ತದೆ. ಭಯಕ್ಕೂ ಜ್ಞಾನಕ್ಕೂ ವೈರವಿಲ್ಲ ಎಂಬುದನ್ನು ಈ ಪುಸ್ತಕಗಳು ತೋರಿಸಿಕೊಟ್ಟವು. ಈಚೆಗೆ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' ಕಾದಂಬರಿಗೆ 2022ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ದೊರೆತದ್ದು, ಗುಹೆ, ಕತ್ತಲೆ, ಬಾವಲಿಗಳು ಮಕ್ಕಳ ಸಾಹಿತ್ಯದ ಗೌರವಾನ್ವಿತ ವಸ್ತುಗಳಾಗಿ ಬೆಳೆದಿರುವುದರ ಸೂಚನೆ.

4. ನೆಲದ ಸಾಮಗ್ರಿ

ಇಂಥ ಪರಂಪರೆಯ ಹಿನ್ನೆಲೆಯಲ್ಲಿ ಸಿಂಧನೂರು, ಲಿಂಗಸುಗೂರು ಅಥವಾ ಮಸ್ಕಿಯಲ್ಲಿ ಕುಳಿತು ಬರೆಯುವವನಿಗೆ ಏನು ಸಿಗುತ್ತದೆ?

ಮೊದಲನೆಯದು ಸಾಮೂಹಿಕ ಭಯದ ಕಲೆಗಳು. ದೊಡ್ಡಾಟದಲ್ಲಿ ರಾಕ್ಷಸ ಪಾತ್ರ ರಂಗಕ್ಕೆ ಬರುವಾಗಿನ ಅಬ್ಬರ, ಕೆಂಪು ಬಣ್ಣದ ಮುಖ, ಭುಜಕೀರ್ತಿಗಳ ಥಳಕು ಮುಂದಿನ ಸಾಲಿನಲ್ಲಿ ಕೂತ ಮಕ್ಕಳನ್ನು ತಾಯಂದಿರ ಸೆರಗಿನೊಳಕ್ಕೆ ಓಡಿಸುತ್ತವೆ. ಅದೇ ರಾಕ್ಷಸನನ್ನು ಸಾರಥಿ ತನ್ನ ಕುಚೋದ್ಯದ ಪ್ರಶ್ನೆಗಳಿಂದ ಮಾತಿಗೆಳೆಯುತ್ತಾನೆ. ಓಡಿದ ಮಕ್ಕಳು ನಗುತ್ತ ಮರಳುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಹಿಂದೂ ಮುಸ್ಲಿಮರಿಬ್ಬರೂ ಸೇರಿ ಆಚರಿಸುವ ಹಬ್ಬವೆಂದು ನಾಡಿನಲ್ಲೆಲ್ಲ ಹೆಸರಾಗಿದೆ. ಅಲಾಯಿ ಕುಣಿಯ ಬೆಂಕಿ, ರಾತ್ರಿಯ ಹಲಗೆಯ ನಾದ, ಹರಕೆ ಹೊತ್ತವರ ಹುಲಿವೇಷ ಇವೆಲ್ಲ ಮಗುವಿಗೆ ಬೆಚ್ಚಿಬೀಳಿಸುವ ನೋಟಗಳು. ಹುಲಿಯನ್ನು ಕಂಡು ಅತ್ತ ಹುಡುಗ ಮುಂದೊಂದು ವರ್ಷ ತಾನೇ ಬಣ್ಣ ಬಳಿದುಕೊಂಡು ಹುಲಿಯಾಗುವ ಅವಕಾಶ ಆ ಹಬ್ಬದಲ್ಲಿದೆ. ಭಾದ್ರಪದದ ಜೋಕುಮಾರನ ಆಚರಣೆಯೂ ಕೊಲೆಯಲ್ಲಿ ಮುಗಿಯುವ ಕಥೆಯೇ. ಆ ಸಾವಿನ ಆಚೆಗೆ ಮಳೆಯ ನಿರೀಕ್ಷೆಯಿದೆ. ಈ ಮೂರರಲ್ಲಿಯೂ ಭಯಕ್ಕೆ ಒಂದು ಕೊನೆಯಿದೆ, ಕೊನೆಯ ಆಚೆಗೆ ಇನ್ನೊಂದು ಬಾಗಿಲಿದೆ.

ಎರಡನೆಯದು ಈ ನೆಲದ ಪ್ರಾಚೀನತೆ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರಿಗೆ ಮಸ್ಕಿಯ ಬಂಡೆಯಲ್ಲಿ ಬ್ರಾಹ್ಮಿ ಲಿಪಿಯ ಶಾಸನ ಕಂಡಿತು. ದೇವಾನಾಂಪಿಯ ಎಂಬ ಬಿರುದಿನೊಡನೆ ಅಶೋಕ ಎಂಬ ಹೆಸರು ಮೊದಲ ಬಾರಿಗೆ ದೊರೆತದ್ದು ಆ ಬಂಡೆಯ ಮೇಲೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನದ ಗಣಿಗಾರಿಕೆ ನಡೆಯುತ್ತಿದೆ. ಅಲ್ಲಿ ಪ್ರಾಚೀನರು ಅಗೆದ ಸುರಂಗಗಳ ಕುರುಹುಗಳಿವೆ. ಮುದಗಲ್ಲಿಗೆ ಸಮೀಪದ ಪಿಕ್ಲಿಹಾಳದ ಬಂಡೆಗಳ ಮೇಲೆ ಆದಿಮಾನವರು ಬಿಡಿಸಿದ ಗೂಳಿಗಳ ಚಿತ್ರಗಳಿವೆ. ಇವೆಲ್ಲಕ್ಕಿಂತ ನಮ್ಮ ಚರ್ಚೆಗೆ ಮುಖ್ಯವಾದವು ಬೂದಿದಿಬ್ಬಗಳು.

ರಾಯಚೂರು, ಬಳ್ಳಾರಿ ಸೀಮೆಗಳಲ್ಲಿ ಹರಡಿರುವ ಈ ದಿಬ್ಬಗಳನ್ನು ಕುರಿತು ಜನರಲ್ಲಿ ಭಯಮಿಶ್ರಿತ ಕಥನಗಳಿವೆ. ಹಂಪೆಯ ಬಳಿಯ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಬೂದಿಯೆಂದೂ, ಇತರ ಕೆಲವು ಕಡೆಗಳಲ್ಲಿ ರಾಕ್ಷಸರ ಚಿತೆಯ ಬೂದಿಯೆಂದೂ ಹೇಳುತ್ತಾರೆ. ಸುಟ್ಟುಹೋದ ರಾಕ್ಷಸನ ಬೂದಿಯೇ ಇಷ್ಟು ದೊಡ್ಡ ಗುಡ್ಡೆಯಾದರೆ ಅವನೆಷ್ಟು ದೊಡ್ಡವನಿದ್ದಿರಬೇಕು ಎಂಬ ಲೆಕ್ಕಾಚಾರವನ್ನು ಯಾವ ಮಗುವೂ ಮಾಡದೆ ಇರದು. ಹತ್ತೊಂಬತ್ತನೆಯ ಶತಮಾನದಿಂದ ಇವುಗಳ ಶೋಧನೆ ನಡೆಯಿತು. ರಾಬರ್ಟ್ ಬ್ರೂಸ್ ಫೂಟ್ ಇದು ಸುಟ್ಟ ಸೆಗಣಿಯ ಬೂದಿಯೆಂದು ಗುರುತಿಸಿದರು. ಇಂದಿನ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು 1957ರಲ್ಲಿ ಉತ್ಖನನ ಮಾಡಿದ ಎಫ್.ಆರ್. ಆಲ್ಚಿನ್ ಅವರಿಗೆ ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳೇ ದೊರೆತವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ದನಗಾಹಿಗಳ ದೊಡ್ಡಿಗಳಿದ್ದವು. ಕೂಡಿಬಿದ್ದ ಸೆಗಣಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ದಿಬ್ಬಗಳು ಬೆಳೆದವು.

ಈ ಉದಾಹರಣೆಯನ್ನು ವಿಸ್ತರಿಸಲು ಕಾರಣವಿದೆ. ನಮ್ಮ ಮಕ್ಕಳ ಕಥೆಗಳಲ್ಲಿ ಭಯವನ್ನು ನಿವಾರಿಸುವ ಒಂದು ಸಿದ್ಧ ಮಾದರಿಯಿದೆ. ರಾತ್ರಿ ಬಾಲಕನಿಗೆ ದೆವ್ವ ಕಾಣುತ್ತದೆ, ಬೆಳಗಾದ ಮೇಲೆ ಅದು ಹಗ್ಗದ ಮೇಲೆ ಒಣಹಾಕಿದ ಬಿಳಿ ಪಂಚೆಯೆಂದು ತಿಳಿಯುತ್ತದೆ, ಎಲ್ಲರೂ ನಗುತ್ತಾರೆ. ಮೌಢ್ಯವನ್ನು ಕಳೆಯಬೇಕೆಂಬ ಈ ಕಥೆಗಳ ಉದ್ದೇಶ ಪ್ರಶ್ನಾತೀತ. ಆದರೆ ಕಥನಕ್ರಮದಲ್ಲಿ ಒಂದು ಕೊರತೆಯಿದೆ. ಕಥೆ ಮಗುವಿಗೆ ಕೊಟ್ಟ ಬೆರಗನ್ನು ಕೊನೆಯಲ್ಲಿ ಕಸಿದುಕೊಂಡು ಅದರ ಜಾಗದಲ್ಲಿ ನಾಚಿಕೆಯನ್ನಿಡುತ್ತದೆ. ನೀನು ಅಂಜಿದ್ದು ದಡ್ಡತನ ಎಂದು ಹೇಳಿದ ಕಥೆಯನ್ನು ಮಗು ಎರಡನೆಯ ಬಾರಿ ಕೇಳುವುದಿಲ್ಲ. ತನ್ನ ಮುಂದಿನ ಅಂಜಿಕೆಯನ್ನು ಯಾರಿಗೂ ಹೇಳುವುದೂ ಇಲ್ಲ. ಬೂದಿದಿಬ್ಬದ ವಿಷಯದಲ್ಲಿ ಹೀಗಾಗುವುದಿಲ್ಲ. ರಾಕ್ಷಸನ ಬೂದಿ ಎಂಬ ಕಥೆಗಿಂತ ಆ ಬೂದಿಯಲ್ಲಿ ಉಳಿದ ಗೊರಸಿನ ಗುರುತಿನ ನಿಜ ಇನ್ನೂ ದೊಡ್ಡ ಬೆರಗು. ನಿಜವು ಭಯಕ್ಕಿಂತ ಹಿರಿದಾಗಿ ಕಂಡಾಗ ಮಾತ್ರ ಮಗು ಭಯವನ್ನು ತಾನಾಗಿಯೇ ಬಿಟ್ಟುಕೊಡುತ್ತದೆ. ಭಯಕಥನಕಾರನು ಕಲಿಯಬೇಕಾದ ಮೊದಲ 'ಕಸುಬು' ಇದು.

5. ಭಯದ ಸಾಮಾಜಿಕ ಮುಖ

ಇಷ್ಟು ಹೇಳಿದ ಮೇಲೆ ಭಯವನ್ನು ಸಂಭ್ರಮಿಸಿ ಸುಮ್ಮನಾಗುವುದು ಈ ಸೀಮೆಯಲ್ಲಿ ಸಾಧ್ಯವಿಲ್ಲ. 2019ರವರೆಗೆ ಹೈದರಾಬಾದ್ ಕರ್ನಾಟಕವೆಂದು ಕರೆಯಲಾಗುತ್ತಿದ್ದ ಕಲ್ಯಾಣ ಕರ್ನಾಟಕದಲ್ಲಿ ಬಾನಾಮತಿಯ ಭಯ ದೀರ್ಘಕಾಲ ಜನಜೀವನವನ್ನು ಕಾಡಿದೆ. ಮನೆಯ ಮೇಲೆ ಕಲ್ಲು ಬೀಳುವುದು, ಬಟ್ಟೆಗೆ ಬೆಂಕಿ ಹತ್ತುವುದು, ಹೆಣ್ಣುಮಕ್ಕಳು ಗುಂಪಾಗಿ ಅಳುವುದು, ಕೂಗುವುದು ಮೊದಲಾದವುಗಳನ್ನು ಮಾಟದ ಫಲವೆಂದು ನಂಬಿ ಯಾರೋ ನಿರಪರಾಧಿಗಳನ್ನು ಮಾಟಗಾರರೆಂದು ಹಿಂಸಿಸಿದ ಪ್ರಸಂಗಗಳು ನಡೆದಿವೆ. ನಿಮ್ಹಾನ್ಸ್‌ನ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರು ಬಾನಾಮತಿಯನ್ನು ಮನೋವೈದ್ಯಕೀಯ ದೃಷ್ಟಿಯಿಂದ ಅಧ್ಯಯನ ಮಾಡಿ, ಕನ್ನಡದಲ್ಲಿ ಜನಸಾಮಾನ್ಯರಿಗೆ ತಿಳಿಯುವಂತೆ ಬರೆದರು. ಅಮಾನವೀಯ ಅನಿಷ್ಟ ಪದ್ಧತಿಗಳು ಮತ್ತು ವಾಮಾಚಾರಗಳನ್ನು ತಡೆಯುವ ರಾಜ್ಯದ ಅಧಿನಿಯಮ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಲ್ಲಿ ಜಾರಿಗೆ ಬಂದಿತು. ನಿಧಿಯ ಆಸೆಗಾಗಿ ಮಾಡುವ ಅಮಾನುಷ ಕೃತ್ಯಗಳು, ದೆವ್ವ ಬಿಡಿಸುವ ನೆಪದ ಹಿಂಸೆ ಈಗ ಶಿಕ್ಷಾರ್ಹ ಅಪರಾಧಗಳು. ಜನ್ನನ ಚಂಡಮಾರಿಯ ಗುಡಿ ಕೇವಲ ಕಾವ್ಯದ ಕಲ್ಪನೆಯಲ್ಲ ಎಂಬುದನ್ನು ಇಂಥ ಕಾನೂನಿನ ಅಗತ್ಯವೇ ನೆನಪಿಸುತ್ತದೆ.

ಹಿರಿಯರ ಲೋಕಕ್ಕೂ ಗುಮ್ಮನಿದ್ದಾನೆ. 2018ರಲ್ಲಿ ಮೊಬೈಲ್ ಸಂದೇಶಗಳ ಮೂಲಕ ಮಕ್ಕಳ ಕಳ್ಳರ ವದಂತಿ ಹಬ್ಬಿತು. ಆ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಹಂಚಿದವರ ಮೇಲೆ ಸಂಶಯಗೊಂಡ ಗುಂಪು ನಡೆಸಿದ ಹಲ್ಲೆಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬ ಪ್ರಾಣ ಕಳೆದುಕೊಂಡನು. ವದಂತಿಯ ಸ್ವರೂಪವನ್ನು ಗಮನಿಸಿದರೆ ಅದು ಗುಮ್ಮನ ಸ್ವರೂಪವೇ. ಅದಕ್ಕೆ ಹೇಳಿದವರಿಲ್ಲ, ಊರಿಲ್ಲ, ಆದಿ ಅಂತ್ಯಗಳಿಲ್ಲ. ಕೇಳುಗನಿಗೆ ಹೂಂ ಎನ್ನಲು, ಬೇಡವೆನ್ನಲು ಎಡೆಯಿಲ್ಲ. ಬಾಲ್ಯದಲ್ಲಿ ಭಯದ ಕಥೆಗಳನ್ನು ಚೆನ್ನಾಗಿ ಕೇಳಿದವರು ವದಂತಿಗೆ ಬಲಿಯಾಗುವುದಿಲ್ಲ ಎಂದು ಸಾಧಿಸಲು ಇಲ್ಲಿ ಹೊರಟಿಲ್ಲ. ಅಂಥ ಸಾಧನೆಗೆ ಬೇರೆಯೇ ಶಾಸ್ತ್ರಗಳ ನೆರವು ಬೇಕು. ಭಯವನ್ನು ನಿಲ್ಲಿಸಿ, ಮುಂದೇನು, ಯಾರು ಕಂಡರು, ಅದರ ಜೀವ ಎಲ್ಲಿದೆ ಎಂದು ಕೇಳುವ ಅಭ್ಯಾಸವನ್ನು ಕಥೆ ಕಲಿಸುತ್ತದೆ, ವದಂತಿ ಕಲಿಸುವುದಿಲ್ಲ ಎಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು.

ಈ ಹಿನ್ನೆಲೆಯಲ್ಲಿ ಈ ಸೀಮೆಯ ಭಯಕಥನಕಾರನು ಪಾಲಿಸಬೇಕಾದ ಒಂದು ಸಂಯಮವಿದೆ. ಹೆದರಿಸುವ ಪಾತ್ರಕ್ಕೆ ಊರಿನ ಯಾವುದೇ ಜಾತಿಯ, ಮತದ, ವೃತ್ತಿಯ ಮುಖವನ್ನು ತೊಡಿಸಕೂಡದು. ಒಂಟಿ ವಿಧವೆ, ಅಲೆಮಾರಿ, ಗೋಣಿಚೀಲ ಹೊತ್ತವನು, ಬುದ್ಧಿಮಾಂದ್ಯ, ಪರಭಾಷೆಯವನು ಇಂಥವರನ್ನು ಭಯದ ಮೂಲವಾಗಿಸುವ ಕಥೆ ಎಷ್ಟೇ ಕುಶಲವಾಗಿದ್ದರೂ ಗುಮ್ಮನ ವಂಶಕ್ಕೇ ಸೇರುತ್ತದೆ. ನಮ್ಮ ಜನಪದ ಕಥೆಗಳು ಈ ದೋಷದಿಂದ ಮುಕ್ತವಾಗಿವೆ ಎಂದು ಹೇಳಲಾಗದು. ಬಾಲನಾಗಮ್ಮನ ಕಥೆಯ ಮಾಯಾವಿಗೆ ಫಕೀರನ ವೇಷವಿದೆ. ಮಲತಾಯಿ, ಸೂಳೆ, ಮುದುಕಿ ಅನೇಕ ಕಥೆಗಳಲ್ಲಿ ಅನ್ಯಾಯವಾಗಿ ಕೆಟ್ಟವರಾಗಿದ್ದಾರೆ. ಪರಂಪರೆಯನ್ನು ಸ್ವೀಕರಿಸುವುದೆಂದರೆ ಅದನ್ನು ಸೋಸಿ ಸ್ವೀಕರಿಸುವುದೂ ಹೌದು.

6. ಬರಹಗಾರನ ಸಿದ್ಧತೆ

ಅಮೆರಿಕದಲ್ಲಿ 1992ರಿಂದ ಪ್ರಕಟವಾಗತೊಡಗಿದ 'ಗೂಸ್‌ಬಂಪ್ಸ್' ಮಾಲಿಕೆಯ ಮೂಲಕ ಜಗತ್ಪ್ರಸಿದ್ಧರಾದ ಆರ್.ಎಲ್. ಸ್ಟೈನ್ ಮೊದಲು ಬರೆಯುತ್ತಿದ್ದುದು ಮಕ್ಕಳ ಹಾಸ್ಯವನ್ನು. ಇದು ಆಕಸ್ಮಿಕವಲ್ಲ. ನಗೆ ಮತ್ತು ಭಯ ಎರಡೂ ನಿರೀಕ್ಷೆಯನ್ನು ಬೆಳೆಸಿ ಥಟ್ಟನೆ ತಿರುಗಿಸುವ ಕಲೆಗಳು. ನಮ್ಮ ದೊಡ್ಡಾಟದ ಸಾರಥಿ ಮತ್ತು ರಾಕ್ಷಸರ ಸಂವಾದ ಇದನ್ನೇ ಬಹುಕಾಲದಿಂದ ಮಾಡುತ್ತ ಬಂದಿದೆ. ಆದ್ದರಿಂದ ಮಸ್ಕಿಯ ಎಳೆಯ ಬರಹಗಾರನೊಬ್ಬ ಈ ಕಲೆಯನ್ನು ಕಲಿಯಲು ಬಹುದೂರ ಹೋಗಬೇಕಾಗಿಲ್ಲ.

ಅವನಿಗೆ ಮೊದಲು ಎದುರಾಗುವುದು ಭಾಷೆಯ ಪ್ರಶ್ನೆ. ಪಠ್ಯಪುಸ್ತಕದ ಮಗುವಿಗೆ ಭಯವಾಗುತ್ತದೆ; ರಾಯಚೂರು ಸೀಮೆಯ ಮಗುವಿಗೆ ಅಂಜಿಕೆ ಬರುತ್ತದೆ. ಅಂಜಬ್ಯಾಡ ಎಂಬ ತಾಯಿಯ ಮಾತಿನಲ್ಲಿರುವ ಆಸರೆ ಹೆದರಬೇಡ ಎಂಬ ಗ್ರಂಥಭಾಷೆಯಲ್ಲಿ ಆ ಮಗುವಿಗೆ ದೊರೆಯದು. ಈ ಭಾಗದ ಸಣ್ಣಕತೆ, ಕಾದಂಬರಿಗಳು ಆಡುಮಾತನ್ನು ಸಮರ್ಥವಾಗಿ ದುಡಿಸಿಕೊಂಡಿವೆ. ಮಕ್ಕಳ ಗದ್ಯ ಮಾತ್ರ ಶಿಷ್ಟಭಾಷೆಯ ಹಂಗಿನಲ್ಲೇ ಹೆಚ್ಚಾಗಿ ಉಳಿದಿದೆ. ಅಂಜಿಕೆ ಎಲ್ಲಕ್ಕಿಂತ ಮೊದಲು ಮನೆಮಾತಿನಲ್ಲಿ ಹುಟ್ಟುವ ಭಾವವಾದ್ದರಿಂದ ಭಯಕಥನವು ಈ ಹಂಗನ್ನು ಮುರಿಯಲು ತಕ್ಕ ಪ್ರಕಾರ.

ಎರಡನೆಯದು ವಸ್ತುವಿನ ಆಯ್ಕೆ. ಹುಣಸೆಮರದ ದೆವ್ವ, ಕೊಳ್ಳಿದೆವ್ವಗಳು ಇರಲಿ. ಅವುಗಳ ಜೊತೆಗೆ ಇಂದಿನ ಮಗುವಿನ ನಿಜವಾದ ಅಂಜಿಕೆಗಳೂ ಕಥೆಯಾಗಬೇಕು. ತುಂಬಿ ಹರಿಯುವ ಕಾಲುವೆಯ ಆಳ, ಗುಳೆ ಹೋದವರ ಬೀಗ ಹಾಕಿದ ಮನೆ, ರಾತ್ರಿಯ ಪಾಳಿಗೆ ಗಣಿಯೊಳಗೆ ಇಳಿದ ತಂದೆಯ ದಾರಿ ಕಾಯುವುದು ಇವು ಈ ಮೂರು ತಾಲ್ಲೂಕುಗಳಿಗೆ ವಿಶಿಷ್ಟವಾದ ವಸ್ತುಗಳು. ಇವುಗಳನ್ನು ಕುರಿತು ಮಗುವಿನೊಡನೆ ಯಾರೂ ಮಾತನಾಡುವುದಿಲ್ಲ.

ಮಾತನಾಡದೆ ಉಳಿದುದರ ಗತಿ ಏನಾಗುತ್ತದೆ ಎಂಬುದಕ್ಕೆ ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಜನಪದ ಕಥೆಯೊಂದಿದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಅವಳು ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಉಸಿರುಕಟ್ಟಿದ ಅವು ಅವಳು ಮಲಗಿದ್ದಾಗ ಹೊರಬಿದ್ದು, ಒಂದು ಬಾಗಿಲ ಬಳಿಯ ಜೋಡಾಗಿ, ಇನ್ನೊಂದು ಗೂಟದ ಮೇಲಿನ ಅಂಗಿಯಾಗಿ ಕುಳಿತವು. ಗಂಡನಿಗೆ ಸಂಶಯ ಬಂದು ಮನೆ ಒಡೆಯಿತು. ಹೇಳಿದ್ದರೆ ನಿರಪಾಯಕಾರಿಯಾಗಿರುತ್ತಿದ್ದ ಕಥೆ, ಹೇಳದೆ ಇದ್ದುದರಿಂದ ಮನೆಯೊಳಗಿನ ಅಪರಿಚಿತನಾಯಿತು. ಮಕ್ಕಳಿಗೆ ಹೆದರಿಕೆಯ ಕಥೆ ಹೇಳಬಾರದೆನ್ನುವವರು ಈ ಕಥೆಯನ್ನು ಲಕ್ಷಿಸಬೇಕು.

7. ಸಮಾರೋಪ

1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದು ಅನೇಕರಿಗೆ ನೆನಪಿರಬಹುದು. ರಾತ್ರಿ ಹೆಸರು ಹಿಡಿದು ಕರೆಯುವ ಹೆಣ್ಣುದೆವ್ವ ಆ ಬರಹವನ್ನು ಓದಿ ಮರಳಿಹೋಗುತ್ತದೆ ಎಂಬುದು ಆಗಿನ ನಂಬಿಕೆ. ಹಿರಿಯರು ಅದನ್ನು ಮೌಢ್ಯವೆಂದು ಖಂಡಿಸಿದ್ದು ಸರಿಯಾಗಿಯೇ ಇದೆ. ಮಕ್ಕಳು ಅದರಲ್ಲಿ ಕಂಡದ್ದು ಬೇರೆ ಇರಬಹುದು. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತದೆ, ಅದು ಹೇಳಿದ ಮಾತು ಕೇಳುತ್ತದೆ, ಸೀಮೆಸುಣ್ಣ ಹಿಡಿಯಬಲ್ಲ ಯಾರೇ ಆದರೂ ಅದನ್ನು ಒಂದು ದಿನದ ಮಟ್ಟಿಗೆ ತಡೆಯಬಲ್ಲರು.

ಮಕ್ಕಳ ಭಯಕಥನದ ಸಾಧ್ಯತೆಯೂ ಮಿತಿಯೂ ಇದೇ ಆಗಿದೆ. ಅದು ಕಾಲುವೆಯ ಆಳವನ್ನು ತಗ್ಗಿಸದು, ಗುಳೆ ಹೋದ ತಾಯಿಯನ್ನು ಕರೆತಾರದು. ಮಗುವಿನ ಅಂಜಿಕೆಗೆ ಹೆಸರನ್ನೂ ಆದಿ ಅಂತ್ಯಗಳನ್ನೂ ಕೊಟ್ಟು, ಆ ಕತ್ತಲೆಯಲ್ಲಿ ಒಬ್ಬ ದೊಡ್ಡವರು ಜೊತೆಗಿದ್ದಾರೆ ಎಂಬ ನೆಚ್ಚಿಕೆಯನ್ನು ಮಾತ್ರ ಅದು ಕೊಡಬಲ್ಲದು. ಆ ಕೆಲಸಕ್ಕೆ ಬೇಕಾದ ಕಥೆಗಳು ಮುದಗಲ್ಲಿನ ಅಲಾಯಿ ಕುಣಿಯ ಸುತ್ತ, ಮಸ್ಕಿಯ ಬಂಡೆಯ ನೆರಳಿನಲ್ಲಿ, ಸಿಂಧನೂರಿನ ಕ್ಯಾಂಪುಗಳ ಮೂರು ಭಾಷೆಯ ಅಜ್ಜಿಯರ ನಾಲಗೆಯ ಮೇಲೆ ಇನ್ನೂ ಇವೆ. ಸಂಗ್ರಹಕಾರರು ಅವುಗಳನ್ನು ಕೇವಲ ಆಶಯಸೂಚಿಗಳಿಗಾಗಿ ದಾಖಲಿಸದೆ, ಹೇಳುವಾಗ ಮಗು ಎಲ್ಲಿ ಹೂಂ ಎಂದಿತು, ಎಲ್ಲಿ ಸುಮ್ಮನಾಯಿತು ಎಂಬುದನ್ನೂ ಗುರುತಿಸಿಕೊಂಡರೆ ಮುಂದಿನ ಬರಹಗಾರನಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.